ನಾರೆಪ್ಪ ಕೇಳಿದ್ದು ಒಂದೇ ಮಾತು

ಮಾಲೂರು ಸ್ಟೇಷನ್ನಿನಲ್ಲಿ ಇಳಿದು ಚೀಲ ಕೆಳಗಿಟ್ಟು ನಿಂತಿದ್ದೆ. ಪಕ್ಕದ ಹಳಿಯಲ್ಲಿ ಗೂಡ್ಸ್ ಗಾಡಿಯೊಂದು ಬ್ರೇಕ್ ಹಾಕುತ್ತಾ ಬಂದು ನಿಂತಿತು. ಬ್ರೇಕ್ ಹಿಡಿದಾಗ ಏಳುವ ಸುಟ್ಟ ಕಬ್ಬಿಣದ ವಾಸನೆ ಮೂಗಿಗಿಂತ ಮೊದಲು ನಾಲಿಗೆಗೆ ತಾಕುತ್ತದೆ. ಅದರ ಹಿಂದೆಯೇ ಅವರೆಕಾಯಿಯ ಸೊಗಡು ಬಂತು. ಪ್ಲಾಟ್‌ಫಾರಮ್ಮಿನ ಆ ತುದಿಯಿಂದ ಈ ತುದಿಯವರೆಗೆ ಒಂದು ಅವರೆಕಾಯಿಯೂ ಇರಲಿಲ್ಲ. ಕಾಲವೂ ಅದಲ್ಲ, ಬೇಸಿಗೆ. ಎಷ್ಟೋ ವರ್ಷಗಳ ಹಿಂದಿನ ಒಂದು ಚಳಿಗಾಲದಲ್ಲಿ ಈ ಎರಡು ವಾಸನೆಗಳನ್ನೂ ನಾನು ಒಟ್ಟಿಗೆ ಉಸಿರಾಡಿದ್ದೆ, ಅಷ್ಟೆ.

ಆ ವರ್ಷ ರಾಗಿ ಕೊಯ್ಲಿನಿಂದ ಸಂಕ್ರಾಂತಿಯವರೆಗೆ ನಾನೂ ಇನ್ನು ಐದು ಮಂದಿಯೂ ಕೋಲಾರದ ಊರೂರು ಸುತ್ತಿ ಬೀದಿ ನಾಟಕ ಆಡಿದೆವು. ರೈಲಿನ ಕಬ್ಬಿಣ ಕದಿಯಬೇಡಿ, ಕದ್ದದ್ದನ್ನು ಕೊಳ್ಳಬೇಡಿ, ಕದಿಯುವುದನ್ನು ಕಂಡರೆ ಸುಮ್ಮನಿರಬೇಡಿ ಎನ್ನುವುದು ನಾಟಕದ ತಿರುಳು. ಆ ದಿನಗಳು ನನ್ನ ತಲೆಯಲ್ಲಿ ಬಹಳ ಅಚ್ಚುಕಟ್ಟಾಗಿ ಕುಳಿತಿವೆ. ಅದಕ್ಕೇ ಅವುಗಳ ಮೇಲೆ ನನಗೆ ಅನುಮಾನ. ನಾನು ನಾಟಕ ಬರೆಯುವವನು. ಬೇಡದ್ದನ್ನು ಕತ್ತರಿಸುವುದು ನನ್ನ ಅಭ್ಯಾಸ. ಈ ಬರಹದಲ್ಲಿಯೂ ಎಲ್ಲೆಲ್ಲಿ ಕತ್ತರಿಸಿದ್ದೇನೋ ನನಗೇ ಪೂರ್ತಿ ಗೊತ್ತಿಲ್ಲ. ಗೊತ್ತಿರುವ ಕಡೆ ಹೇಳುತ್ತೇನೆ.

ಆಗ ನಾನು ಮಾಲೂರಿನ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಅಲ್ಲಿಯವರೆಗೆ ನಾನು ಬರೆದಿದ್ದ ನಾಟಕಗಳನ್ನು ನೋಡಿದವರು ಕಡಿಮೆ. ಒಂದರಲ್ಲಿ ಒಬ್ಬ ಮನುಷ್ಯ ಮುಕ್ಕಾಲು ಗಂಟೆ ಕುರ್ಚಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಎಂಟು ಜನ ಬಂದಿದ್ದರು, ಅವರಲ್ಲಿ ಇಬ್ಬರು ಕುರ್ಚಿ ಬಾಡಿಗೆಗೆ ಕೊಟ್ಟವರು.

ಆ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಯಾರೋ ಸಿಗ್ನಲ್ ಕೇಬಲ್ ಕತ್ತರಿಸಿ ಒಳಗಿನ ತಾಮ್ರ ಸುಲಿದುಕೊಂಡು ಹೋಗಿದ್ದರು. ಸಿಗ್ನಲ್ ಕೆಟ್ಟರೆ ಕೆಂಪು ದೀಪವೇ ಉಳಿಯುತ್ತದೆ, ಗಾಡಿ ಕದಲುವುದಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೊರಟ ಒಂದು ಇಡೀ ರೈಲು ಜನ ಹೊಲಗಳ ನಡುವೆ ಬಿಸಿಲೇರುವವರೆಗೆ ನಿಂತರು. ಗಾರ್ಮೆಂಟ್ಸ್ ಹೆಂಗಸರು ಕೆಳಗಿಳಿದು ಜಲ್ಲಿಯ ಮೇಲೆ ಕೂತು ಬುತ್ತಿ ಬಿಚ್ಚಿದರು. ಅವತ್ತು ಅವರಿಗೆಲ್ಲ ಅರ್ಧ ದಿನದ ಸಂಬಳ ಹೋಯಿತು. ಅದಾದ ಮೇಲೆ ರೈಲ್ವೆಯ ಅಧಿಕಾರಿಯೊಬ್ಬರು ಕಾಲೇಜಿಗೆ ಬಂದು, ಭಿತ್ತಿಪತ್ರ ಅಂಟಿಸಿ ಸಾಕಾಯಿತು, ಜನರ ಮನಸ್ಸಿಗೆ ಹೋಗುವ ಹಾಗೆ ಏನಾದರೂ ಮಾಡಿಕೊಡಿ ಎಂದರು. ಎಂಟು ಜನರಿಂದ ಎಂಟು ನೂರು ಜನರ ಮುಂದೆ ಹೋಗುವ ದಾರಿ ಕಂಡಿತು. ಒಪ್ಪಿಕೊಂಡೆ.

ನಾರೆಪ್ಪ ಬಂದದ್ದು ಆ ವಾರದಲ್ಲೇ. ಜಡಿಮಳೆಯಲ್ಲಿ ನೆನೆದುಕೊಂಡು ಬಂದ ಎಂದು ನೆನಪು. ಇಲ್ಲ, ಮಳೆ ಇರಲಿಲ್ಲ. ಹೊರಗೆ ಟಾರು ರಸ್ತೆಯ ಮೇಲೆ ರಾಗಿ ತೆನೆ ಹರಡಿದ್ದರು, ಬಸ್ಸು ಲಾರಿ ಓಡಿ ಕಾಳು ಉದುರಲಿ ಎಂದು. ಮಳೆ ಬಂದಿದ್ದರೆ ಹರಡುತ್ತಿರಲಿಲ್ಲ. ಮಳೆಯನ್ನು ನಾನು ಆಮೇಲೆ ಸೇರಿಸಿದ್ದೇನೆ, ಅವನ ಮೇಲೆ ಕರುಣೆ ಬರಲಿ ಎಂದು. ಅವನು ಒಣಗಿದ ಅಂಗಿಯಲ್ಲಿ, ಟಿವಿಎಸ್ ಮೇಲೆ, ಹಿಂದೆ ಎರಡು ಕಡೆ ಗೋಣಿಚೀಲ ಕಟ್ಟಿಕೊಂಡು ಬಂದ. ನಲವತ್ತೈದರ ಆಸುಪಾಸು. ಗುಜರಿ ವ್ಯಾಪಾರ. ಟೇಕಲ್ಲಿನಿಂದ ಕೋಲಾರದವರೆಗೆ ಅವನು ಹೋಗದ ಹಳ್ಳಿ ಇರಲಿಲ್ಲ. ಆಗಿನ್ನೂ ಗುಜರಿಯವರಿಗೆ ಮೈಕು ಬಂದಿರಲಿಲ್ಲ, ಗಂಟಲೇ ಮೈಕು. ಹಳೇ ಕಬ್ಬಿಣ, ಪಾತ ಇನುಮು, ತಗಡು, ಬಕೀಟು, ಬ್ಯಾಟರಿ, ಖಾಲಿ ಸೀಸ ಎಂದು ಕನ್ನಡವನ್ನೂ ತೆಲುಗನ್ನೂ ಒಂದೇ ಉಸಿರಿನಲ್ಲಿ ನೇಯ್ದು ಕೂಗುತ್ತಿದ್ದ. ನಮ್ಮ ಬೀದಿಗೂ ಬರುತ್ತಿದ್ದನಾದ್ದರಿಂದ ನನಗೆ ಮುಖಕ್ಕಿಂತ ಮೊದಲು ದನಿಯ ಪರಿಚಯ.

ಅವನ ಕಷ್ಟ ಏನೆಂದರೆ, ಹಳ್ಳಿಗಳಲ್ಲಿ ಮುರಿದ ಬಕೀಟಿನ ಜೊತೆಗೆ ರೈಲಿನ ಕ್ಲಿಪ್ಪೂ ಬರುತ್ತಿತ್ತು. ಹಳಿಯನ್ನು ಸ್ಲೀಪರಿಗೆ ಬಿಗಿದು ಹಿಡಿಯುವ, ಹೆಬ್ಬೆರಳು ದಪ್ಪದ, ಮಡಚಿದ ಉಕ್ಕಿನ ತುಂಡು ಅದು. ಅವನು ಬೇಡ ಎಂದರೆ ಹೆಂಗಸರು ಕೋಪ ಮಾಡಿಕೊಳ್ಳುತ್ತಿದ್ದರು. ಕೆಲವರು ಚೀಲದ ತಳಕ್ಕೆ ತುರುಕಿಬಿಡುತ್ತಿದ್ದರು. ಅಂಥದ್ದು ಸಿಕ್ಕಾಗಲೆಲ್ಲ ಅವನು ಬೇರೆ ಚೀಲಕ್ಕೆ ಹಾಕಿಟ್ಟು, ಭಾನುವಾರ ಗೋವಿಂದಪ್ಪನಿಗೆ ಒಪ್ಪಿಸುತ್ತಿದ್ದ. ಗೋವಿಂದಪ್ಪ ಆ ಲೈನಿನ ಕೀಮನ್. ದಿನವೂ ಬೆಳಿಗ್ಗೆ ಸುತ್ತಿಗೆ ಹೆಗಲ ಮೇಲಿಟ್ಟು ಹಳಿಗುಂಟ ನಡೆದು, ಸಡಿಲವಾದದ್ದನ್ನು ಬಿಗಿದು, ಇಲ್ಲದ್ದನ್ನು ಕೂರಿಸುವವನು. ಇಬ್ಬರೂ ಒಂದೇ ಊರಿನವರು, ಒಂದೇ ಶಾಲೆಯಲ್ಲಿ ಓದು ಬಿಟ್ಟವರು.

“ಸಾರ್, ನಾಟಕ ಮಾಡ್ತೀರಂತೆ. ನಂಗೆ ಒಂದೇ ಒಂದು ಮಾತು ಕೊಡಿ ಸಾಕು,” ಎಂದ ನಾರೆಪ್ಪ. “ರೈಲಿನ ಕಬ್ಬಿಣ ನಾನು ಮುಟ್ಟಲ್ಲ, ಅಂತ. ನಾಲ್ಕು ಜನರ ಮುಂದೆ ನನ್ ಬಾಯಲ್ಲೇ ಬರ್ಲಿ. ಒಂದ್ಸಲ ಹೇಳಿಬಿಟ್ರೆ ಆಮೇಲೆ ಯಾರೂ ತರಲ್ಲ.”

ಅವನು ಕೇಳಿದ್ದು ಅಷ್ಟೇ. ನಾನು ಅವನಿಗೆ ಇಡೀ ಪಾತ್ರ ಕೊಟ್ಟೆ. ಕದ್ದ ಕ್ಲಿಪ್ಪು ಕೊಳ್ಳುವ ಗುಜರಿಯವನ ಪಾತ್ರ. ಆ ದನಿ, ಆ ಕೂಗು, ತಕ್ಕಡಿ ಹಿಡಿದಾಗ ತಾನಾಗಿ ಓರೆಯಾಗುವ ಆ ಕತ್ತು. ನನ್ನ ವಿದ್ಯಾರ್ಥಿಗಳು ಹತ್ತು ಜನ್ಮ ಎತ್ತಿದರೂ ಅದು ಬರುತ್ತಿರಲಿಲ್ಲ. ಕೊನೆಯ ದೃಶ್ಯದಲ್ಲಿ ಅವನಿಗೆ ಬುದ್ಧಿ ಬಂದು ಆ ಮಾತು ಹೇಳುತ್ತಾನೆ ಎಂದು ಬರೆದೆ. ಅವನು ಖುಷಿಯಾದ.

ಎರಡನೆಯ ಪ್ರದರ್ಶನದ ಹೊತ್ತಿಗೆ ಆ ಮಾತನ್ನು ಕತ್ತರಿಸಿದೆ.

ಅದಕ್ಕೆ ಅವನಿಗೆ ಕೊಟ್ಟ ಕಾರಣ ಡೈರಿ. ನಾವು ಊರ ಶಾಲೆಯ ಮುಂದೆ ಆಡುತ್ತಿದ್ದದ್ದು ಸಂಜೆ ನಾಲ್ಕೂವರೆಗೆ; ಐದೂವರೆಗೆಲ್ಲ ಹೆಂಗಸರು ಹಾಲಿನ ಕ್ಯಾನು ಹಿಡಿದು ಡೈರಿಗೆ ಓಡುತ್ತಾರೆ. ಒಂದು ನಿಮಿಷ ತಡವಾದರೂ ಎದುರಿನ ಜನ ಕರಗಿಬಿಡುತ್ತಿದ್ದರು. ಅದು ನಿಜವೇ. ಆದರೆ ನಿಜವಾದ ಕಾರಣ ಅದಲ್ಲ. ನಾರೆಪ್ಪ ಕೊಳ್ಳುವವನಾಗಿ ಚೌಕಾಸಿ ಮಾಡುವಾಗ ಜನ ಬಿದ್ದುಬಿದ್ದು ನಗುತ್ತಿದ್ದರು. ಬುದ್ಧಿ ಬಂದವನಾಗಿ ಆ ಮಾತು ಹೇಳಿದ ಕ್ಷಣ ನಗು ನಿಂತು ಕೆಮ್ಮು ಕೇಳಿಸುತ್ತಿತ್ತು. ನನಗೆ ಆ ನಗು ಬೇಕಾಗಿತ್ತು. ಜೀವನದಲ್ಲಿ ಮೊದಲ ಸಲ ಸಿಕ್ಕಿದ್ದ ನಗು. ಡೈರಿಗೆ ತಡವಾಗುತ್ತೆ ನಾರೆಪ್ಪ ಎಂದೆ. ಆಯ್ತು ಬಿಡಿ ಸಾರ್, ನಿಮಗೆ ಗೊತ್ತಿರುತ್ತೆ ಎಂದ. ಅಲ್ಲಿಂದ ಮುಂದೆ ನಾಟಕ ಪೊಲೀಸರು ಅವನನ್ನು ಎಳೆದೊಯ್ಯುವುದರೊಂದಿಗೆ ಮುಗಿಯತೊಡಗಿತು.

ನಾಟಕ ಗೆದ್ದಿತು. ಟೇಕಲ್, ಶ್ರೀನಿವಾಸಪುರ, ಕೋಲಾರ. ರೈಲೇ ಇಲ್ಲದ ಮುಳಬಾಗಿಲಿನಲ್ಲೂ ಆಡಿದೆವು, ಗುಜರಿ ತುಂಬಿದ ಲಾರಿಗಳು ಆಂಧ್ರಕ್ಕೆ ಹೋಗುವುದು ಆ ದಾರಿಯಲ್ಲೇ ಎಂದು. ಅಲ್ಲಿ ನಾರೆಪ್ಪ ಪಾತ್ರವನ್ನು ಪೂರ್ತಿ ತೆಲುಗಿಗೆ ತಿರುಗಿಸಿಕೊಂಡ; ನನ್ನ ಸಂಭಾಷಣೆಗಿಂತ ಅದೇ ಚೆನ್ನಾಗಿತ್ತು. ನಾವು ಉಪದೇಶ ಮಾಡುತ್ತಿರಲಿಲ್ಲ. ಕ್ಲಿಪ್ಪು ಹೋದರೆ ಹಳಿ ಅಲುಗುತ್ತದೆ, ಅದರ ಮೇಲೆ ಹೋಗುವ ಗಾಡಿಯಲ್ಲಿ ನಿಮ್ಮ ಮಗಳು ಇರುತ್ತಾಳೆ; ತಾಮ್ರ ಹೋದರೆ ಗಾಡಿ ನಿಲ್ಲುತ್ತದೆ, ಹೋಗುವುದು ನಿಮ್ಮ ಅರ್ಧ ದಿನದ ಕೂಲಿ. ಇಷ್ಟೇ. ಆವತ್ತು ಜಲ್ಲಿಯ ಮೇಲೆ ಕೂತು ಬುತ್ತಿ ಉಂಡ ಹೆಂಗಸರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಿದ್ದರು. ಅವರು ತಲೆದೂಗಿದರೆ ಉಳಿದವರೂ ತಲೆದೂಗುತ್ತಿದ್ದರು.

ಗೋವಿಂದಪ್ಪ ಒಂದು ಉಪಾಯ ಹೇಳಿದ. ಜನರ ಮನೆಯಲ್ಲಿರುವ ರೈಲಿನ ಸಾಮಾನೆಲ್ಲ ಕದ್ದದ್ದಲ್ಲ ಸಾರ್, ಯಾವ ಕಾಲದಲ್ಲೋ ಬಿದ್ದಿದ್ದನ್ನು ಎತ್ತಿಕೊಂಡು ಹೋಗಿರುತ್ತಾರೆ, ಈಗ ಕೊಡೋಕೆ ಭಯ ಎಂದ. ಅಧಿಕಾರಿಗಳ ಒಪ್ಪಿಗೆ ಪಡೆದು, ಡೈರಿಯ ಮುಂದೆ ಒಂದು ಮಂಕರಿ ಇಟ್ಟೆವು. ಹೆಸರು ಕೇಳುವುದಿಲ್ಲ, ತಂದು ಹಾಕಿ ಹೋಗಿ. ಮೊದಲ ದಿನ ಖಾಲಿ. ಮೂರನೆಯ ದಿನ ತುಂಬಿತು. ಮಜ್ಜಿಗೆ ಗಡಿಗೆಯ ಮುಚ್ಚಳದ ಮೇಲೆ ಹೇರಿದ್ದ ಕ್ಲಿಪ್ಪು, ಬಾಗಿಲು ಬಡಿಯದಂತೆ ಒತ್ತಿಟ್ಟಿದ್ದ ಕ್ಲಿಪ್ಪು, ದನ ಕಟ್ಟಲು ನೆಲಕ್ಕೆ ಹೊಡೆದಿದ್ದ ಹಳೇ ಕಾಲದ ಹಳಿಮೊಳೆ. ಕ್ಯಾಲನೂರಿನಲ್ಲಿ ಒಬ್ಬಾಕೆ, ಹಾಲಿನ ಕ್ಯಾನು ಒಂದು ಕೈಲಿ, ಮಣ್ಣು ಮೆತ್ತಿದ ಮೊಳೆ ಇನ್ನೊಂದು ಕೈಲಿ ಹಿಡಿದು ಬಂದಳು.

“ಇದನ್ನ ಕೊಟ್ರೆ ಕರೂನ ಯಾತಕ್ಕೆ ಕಟ್ಲಿ? ನಿಮ್ಮ ರೈಲಿಗಾ?” ಎಂದು ಗೋವಿಂದಪ್ಪನನ್ನು ಕೇಳಿದಳು. ಗೋವಿಂದಪ್ಪ ಮಾರನೆಯ ದಿನ ಜಾಲಿಯ ಗೂಟ ಕೆತ್ತಿ ತಂದುಕೊಟ್ಟ. ಆಮೇಲೆ ಅವನಿಗೆ ಅದೇ ಕೆಲಸವಾಯಿತು. ಕಂಕುಳಲ್ಲಿ ಗೂಟಗಳ ಕಟ್ಟು ಇಲ್ಲದೆ ಅವನು ಊರಿಗೆ ಕಾಲಿಡುತ್ತಿರಲಿಲ್ಲ.

ನಾಟಕ ಮುಗಿದ ಮೇಲೆ ನಾವು ಟೀ ಕುಡಿಯುವಾಗ ಅವರಿಬ್ಬರ ಚೇಷ್ಟೆ ಕೇಳಬೇಕಿತ್ತು. ಏನ್ಲಾ ನಾರೆಪ್ಪ, ಇವತ್ತು ಎಷ್ಟು ಕ್ಲಿಪ್ಪು ನುಂಗಿದೆ ಎಂದು ಗೋವಿಂದಪ್ಪ. ನಿನ್ ಲೈನಲ್ಲಿ ನೀನು ಏನಾದ್ರೂ ಬಿಟ್ಟಿದ್ರೆ ತಾನೇ ಕಣೋ ಎಂದು ನಾರೆಪ್ಪ. ಪಕ್ಕದಲ್ಲಿ ಯಾರದೋ ಒಲೆಯ ಮೇಲೆ ಅವರೆಕಾಳು ಬೇಯುತ್ತಿರುತ್ತಿತ್ತು. ಗೋವಿಂದಪ್ಪನ ಬಟ್ಟೆಯಿಂದ ಹಳಿಯ ವಾಸನೆ. ನನ್ನ ಮೂಗಿನಲ್ಲಿ ಒಂದಾದದ್ದು ಇವೆರಡೇ ಇರಬೇಕು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಆಡುತ್ತಾರೆ, ಒಂದು ಸಲ ಹಾಕಿದ ವೇಷ ಸಾಯುವವರೆಗೆ ಬಿಡುವುದಿಲ್ಲ. ನಾರೆಪ್ಪನ ಊರಿನಲ್ಲೇ ಒಂದು ಶಕುನಿ ಮನೆ ಇದೆ. ಆ ಮನೆಯ ಹಿರಿಯ ಯಾವ ಕಾಲದಲ್ಲೋ ಒಂದೇ ಒಂದು ರಾತ್ರಿ ಶಕುನಿಯಾಗಿದ್ದ. ಅವನು ಸತ್ತ, ಮೊಮ್ಮಕ್ಕಳು ಈಗಲೂ ಶಕುನಿ ಮನೆಯವರು. ರೇಷನ್ ಅಂಗಡಿಯಲ್ಲೂ ಹಾಗೇ ಕೂಗುತ್ತಾರೆ. ಭೀಮನ ಪಾತ್ರ ಮಾಡಿದವನ ಮಾತಿಗೆ ಪಂಚಾಯಿತಿಯಲ್ಲಿ ತೂಕ ಹೆಚ್ಚು. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಮಾತ್ರವಲ್ಲ, ಇದರ ಬಗ್ಗೆ ಒಂದು ಲೇಖನ ಬರೆದು ಹೊಗಳಿಸಿಕೊಂಡಿದ್ದೆ. ಅಂಥ ಜನರ ಮುಂದೆ, ಬದುಕಿರುವ ಗುಜರಿಯವನೊಬ್ಬನನ್ನು ಕಳ್ಳ ಗುಜರಿಯವನನ್ನಾಗಿ, ಅವನದೇ ಟಿವಿಎಸ್ಸು, ಅವನದೇ ತಕ್ಕಡಿ, ಅವನದೇ ಕೂಗಿನ ಸಮೇತ ನಿಲ್ಲಿಸಿದೆ.

ಮೊದಲು ಮಕ್ಕಳು ಶುರು ಮಾಡಿದರು. ಟಿವಿಎಸ್ ಕಂಡೊಡನೆ ಕ್ಲಿಪ್ ಕಳ್ಳ ಬಂದ ಎಂದು ಹಿಂದೆ ಓಡುವುದು. ನಾರೆಪ್ಪ ನಕ್ಕ, ನಾಟಕ ನೋಡಿದ್ದಾರೆ ಸಾರ್, ಮರೆತಿಲ್ಲ ಎಂದು ನನಗೆ ಹೆಮ್ಮೆಯಿಂದ ಹೇಳಿದ. ಆಮೇಲೆ ದೊಡ್ಡವರು. ಆಮೇಲೆ ಹೆಂಗಸರು ಮುರಿದ ಬಕೀಟನ್ನೂ ಅವನಿಗೆ ಕೊಡುವುದನ್ನು ನಿಲ್ಲಿಸಿದರು. ಅವನ ಚೀಲಕ್ಕೆ ಹೋದದ್ದು ಎಲ್ಲಿಗೆ ಹೋಗುತ್ತದೋ, ನಮಗೇಕೆ ಎಂದು. ನಾವು ಕಲಿಸಿದ್ದ ಎಚ್ಚರಿಕೆ ಚೆನ್ನಾಗಿಯೇ ನಾಟಿತ್ತು. ಅವನು ಬೆಳಿಗ್ಗೆ ಖಾಲಿ ಚೀಲ ಹೊತ್ತು ಹೋಗಿ ಸಂಜೆ ಖಾಲಿ ಚೀಲದೊಂದಿಗೆ ನಾಟಕಕ್ಕೆ ಬರತೊಡಗಿದ. ಬಂದು ಎಂದಿನಂತೆ ನಗಿಸುತ್ತಿದ್ದ.

ಮಾರ್ಗಶಿರ ಕಳೆದ ಮೇಲೆ ಮತ್ತೆ ಕೇಬಲ್ ಹೋಯಿತು, ಅವನ ಊರಿನ ಸಮೀಪವೇ. ವಿಚಾರಣೆಗೆ ಬಂದ ರೈಲ್ವೆ ಪೊಲೀಸರಿಗೆ ಮೂರು ಊರಿನ ಜನ ಒಂದೇ ಹೆಸರು ಹೇಳಿದರು. ನೀವು ನೋಡಿದ್ದೀರಾ ಎಂದು ಕೇಳಿದ್ದಕ್ಕೆ, ಹೌದು ಸ್ವಾಮಿ, ನಮ್ಮ ಕಣ್ಣಾರೆ ನೋಡಿದ್ದೀವಿ, ಶಾಲೆ ಮುಂದೆ ಕ್ಲಿಪ್ಪು ಕೊಂಡುಕೊಂಡ ಎಂದು ಒಬ್ಬ ಮುದುಕ ಹೇಳಿದನಂತೆ. ಅವನು ಸುಳ್ಳು ಹೇಳಿರಲಿಲ್ಲ.

ನಾರೆಪ್ಪನನ್ನು ಕರೆಸಿ ಬೆಳಿಗ್ಗೆಯಿಂದ ಒಂದು ಬೆಂಚಿನ ಮೇಲೆ ಕೂರಿಸಿದ್ದರು. ಯಾರೂ ಕೈ ಮಾಡಲಿಲ್ಲ, ಕೇಳಬೇಕಾದ್ದನ್ನು ಕೇಳಿದರು. ಮಧ್ಯಾಹ್ನ ಗೋವಿಂದಪ್ಪ ಡ್ಯೂಟಿ ಮುಗಿಸಿ, ಸುತ್ತಿಗೆಯನ್ನೂ ಇಳಿಸದೆ ನೇರ ಅಲ್ಲಿಗೆ ಹೋದ. “ಇವನು ತಂದುಕೊಟ್ಟ ಕ್ಲಿಪ್ಪುಗಳನ್ನ ನನ್ ಕೈಯಾರೆ ಹೊಡೆದು ಕೂರಿಸಿದೀನಿ ಸಾರ್. ಬನ್ನಿ, ಎಲ್ಲೆಲ್ಲಿ ಅಂತ ತೋರಿಸ್ತೀನಿ,” ಎಂದ. ಅವರಲ್ಲೊಬ್ಬರು ಅವನ ಜೊತೆ ಹಳಿಗುಂಟ ನಡೆದರು. ಸಂಜೆಗೆ ಬಿಟ್ಟುಬಿಟ್ಟರು. ಕೇಬಲ್ ಕದ್ದವರು ಮುಂದೆ ಸಿಕ್ಕಿದರು. ಅವರು ಈ ಕಡೆಯವರೇ ಅಲ್ಲ, ನಮ್ಮ ನಾಟಕ ನೋಡಿದವರೂ ಅಲ್ಲ.

ನಾನು ಅಲ್ಲಿಗೆ ಹೋಗಿದ್ದೆನೇ? ಹೋಗಿದ್ದೆ ಎಂದು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಗೋವಿಂದಪ್ಪನ ಪಕ್ಕದಲ್ಲಿ ನಿಂತಿದ್ದ ಹಾಗೆ ಚಿತ್ರವೂ ಕಣ್ಣ ಮುಂದಿದೆ. ನಿಜವೆಂದರೆ ನಾನು ಆ ಹೊತ್ತು ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ ಮಾಡುತ್ತಿದ್ದೆ. ಸುದ್ದಿ ಬಂದಾಗ ಮುಗಿಸಿ ಹೋಗೋಣ ಎಂದುಕೊಂಡೆ. ಮುಗಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಾರನೆಯ ಬೆಳಿಗ್ಗೆ ನಾರೆಪ್ಪನ ಹೆಂಡತಿ ರತ್ನಮ್ಮ ಮನೆಗೆ ಬಂದಳು. ಒಳಗೆ ಬಾರಮ್ಮ ಎಂದರೂ ಬರಲಿಲ್ಲ. ಜಗಲಿಯ ಕೆಳಗೇ ನಿಂತು, ಕೂಗಾಡದೆ, ಕೇಳಿದಳು.

“ಸಾರ್, ನೀವು ಓದಿದೋರು. ನಮ್ಮೂರಲ್ಲಿ ಶಕುನಿ ಮನೆ ಇರೋದು ನಿಮಗೆ ಗೊತ್ತು. ಆ ಮನೆಗೆ ಹೆಣ್ಣು ಕೊಡಬೇಕಾದ್ರೆ ಇವತ್ತಿಗೂ ಹಿಂದೆ ಮುಂದೆ ನೋಡ್ತಾರೆ. ನಮ್ಮ ಯಜಮಾನ್ರು ಒಂದು ಮಾತು ಕೇಳ್ಕೊಂಡು ಬಂದಿದ್ರಂತೆ. ಅದನ್ನ ಯಾಕೆ ತೆಗೆದ್ರಿ?”

ಡೈರಿಗೆ ತಡವಾಗುತ್ತದೆ ಎಂದು ನಾನು ಎರಡನೆಯ ಸಲ ಹೇಳಲಿಲ್ಲ. ಏನು ಹೇಳಿದೆ ಎಂಬುದು ನೆನಪಿಲ್ಲ. ಈ ಒಂದು ಮರೆವು ಮಾತ್ರ ಪ್ರಾಮಾಣಿಕ ಅನ್ನಿಸುತ್ತದೆ.

ಸಂಕ್ರಾಂತಿಗೆ ಎರಡು ದಿನವಿರುವಾಗ ಕೊನೆಯ ಪ್ರದರ್ಶನ. ಅವನ ಊರಿನಲ್ಲೇ ಇಡಿಸಿದೆ, ಶಾಲೆಯ ಮುಂದಿನ ಬಯಲಿನಲ್ಲಿ. ನಾಟಕದ ಕೊನೆಯನ್ನು ತಿರುಗಿ ಬರೆದೆ. ಎಳೆದೊಯ್ಯುವ ದೃಶ್ಯ ತೆಗೆದು, ಆ ಮಾತನ್ನು ವಾಪಸ್ಸು ಇಟ್ಟೆ. ಅವನು ನಡುವೆ ಬಂದು ನಿಂತು, ತಕ್ಕಡಿ ಕೆಳಗಿಟ್ಟು, ಊರವರ ಕಡೆ ತಿರುಗಿ ಹೇಳಬೇಕು, ಅಲ್ಲಿಗೆ ಮುಗಿಯಿತು. ಮತ್ತೆ ಆಡಬೇಕೋ ಬೇಡವೋ ನೀನೇ ಹೇಳು ಎಂದಿದ್ದೆ. ಆಡ್ತೀನಿ ಸಾರ್, ಆ ಮಾತಿದೆಯಲ್ಲ ಎಂದ.

ಊರಿಗೆ ಊರೇ ಬಂದಿತ್ತು. ಮನೆಮನೆಯಲ್ಲಿ ಎಳ್ಳುಬೆಲ್ಲಕ್ಕೆ ಕೊಬ್ಬರಿ ಹೆಚ್ಚಿ ಬಿಸಿಲಿಗಿಟ್ಟು ಬಂದಿದ್ದರು. ರತ್ನಮ್ಮ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ನಾರೆಪ್ಪ ತಕ್ಕಡಿ ಕೆಳಗಿಟ್ಟ. ತಿರುಗಿದ. “ರೈಲಿನ ಕಬ್ಬಿಣ ನಾನು ಮುಟ್ಟಲ್ಲ,” ಎಂದ.

ಜನ ನಕ್ಕರು.

ಕಳ್ಳನ ಬಾಯಲ್ಲಿ ಈ ಮಾತು ಬಂದದ್ದು ಅವರಿಗೆ ಇಡೀ ನಾಟಕದ ದೊಡ್ಡ ತಮಾಷೆಯಾಗಿ ಕೇಳಿಸಿತು. ಅವನು ನಗು ನಿಲ್ಲುವವರೆಗೆ ಕಾದ. ಮತ್ತೆ ಹೇಳಿದ, ಸ್ವಲ್ಪ ಗಟ್ಟಿಯಾಗಿ. ಇನ್ನೂ ಜೋರಾಗಿ ನಕ್ಕರು; ಯಾರೋ ಸಿಳ್ಳೆ ಹೊಡೆದರು. ನಗದೆ ಇದ್ದವರು ಮೂವರು. ರತ್ನಮ್ಮ, ಗೋವಿಂದಪ್ಪ, ನಾನು. ಆಗ ಅವನ ಮುಖ ಹೇಗಿತ್ತು ಎಂದು ಬರೆಯಬೇಕು. ನನ್ನಲ್ಲಿ ಮೂರು ಮುಖಗಳಿವೆ. ಒಂದರಲ್ಲಿ ಅಳುತ್ತಿದ್ದಾನೆ. ಒಂದರಲ್ಲಿ ಅವನೂ ಅವರ ಜೊತೆ ನಗುತ್ತಿದ್ದಾನೆ. ಇನ್ನೊಂದರಲ್ಲಿ ನನ್ನ ಕಡೆ ನೋಡುತ್ತಿದ್ದಾನೆ. ಮೂರನ್ನೂ ನಾನೇ ಮಾಡಿಕೊಂಡಿರಬಹುದು. ಖಚಿತವಾಗಿ ಗೊತ್ತಿರುವುದು, ಅವನು ಬಗ್ಗಿ ತಕ್ಕಡಿ ಎತ್ತಿಕೊಂಡ, ಅದರ ಸರಪಳಿ ಸಿಕ್ಕು ಬಿಡಿಸಿ ನೇರ ಮಾಡಿಕೊಂಡ, ಹೋದ. ಡೈರಿಯ ಹೊತ್ತಾಗಿತ್ತು. ಜನ ಕರಗಿದರು.

ಆ ಬೇಸಿಗೆಗೆ ನಾರೆಪ್ಪನ ಮನೆಯವರು ಊರು ಬಿಟ್ಟರು. ಮುಳಬಾಗಿಲು ಕಡೆ ಹೋದರು ಎಂದು ಗೋವಿಂದಪ್ಪ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಮುಂದಿನ ವರ್ಷ ನನಗೂ ಬೇರೆ ಊರಿಗೆ ವರ್ಗವಾಯಿತು. ಆ ನಾಟಕಕ್ಕೆ ಒಂದು ಪ್ರಶಂಸಾ ಪತ್ರ ಬಂತು. ಆಮೇಲೆ ನಾನು ಬೀದಿ ನಾಟಕ ಬರೆಯಲಿಲ್ಲ.

ಇದೆಲ್ಲ ನೆನಪಾದದ್ದು ಗೂಡ್ಸ್ ಗಾಡಿ ನಿಂತಿದ್ದಷ್ಟು ಹೊತ್ತಿನಲ್ಲಿ. ಚೀಲ ಎತ್ತಿಕೊಂಡು ಸ್ಟೇಷನ್ನಿನಿಂದ ಹೊರಗೆ ಬಂದೆ. ಹಳೆಯ ಬೀದಿಯ ತಿರುವಿನಲ್ಲಿ ನಾರೆಪ್ಪನ ದನಿ ಕೇಳಿಸಿತು.

ನಿಂತೆ. ನನ್ನ ನೆನಪಿನದೇ ಇನ್ನೊಂದು ಆಟವಿರಬೇಕು ಎಂದುಕೊಂಡೆ. ಅಲ್ಲ. ಲಗೇಜ್ ಆಟೋ ಒಂದು ಮೆಲ್ಲಗೆ ಬರುತ್ತಿತ್ತು, ಮೇಲೆ ಮೈಕು ಕಟ್ಟಿಕೊಂಡು. “ಹಳೇ ಕಬ್ಬಿಣ ಪಾತ ಇನುಮು ರೈಲಿನ ಕಬ್ಬಿಣ ನಾನು ಮುಟ್ಟಲ್ಲ ತಗಡು ಬಕೀಟು ಬ್ಯಾಟರಿ ಖಾಲಿ ಸೀಸ.” ಒಂದೇ ಉಸಿರು. ಅದೇ ಗಂಟಲು, ಅದೇ ನೇಯ್ಗೆ. ಓಡಿಸುತ್ತಿದ್ದವನು ನಾರೆಪ್ಪನಲ್ಲ, ದಪ್ಪ ಮೀಸೆಯ ನಡುವಯಸ್ಸಿನವನು, ನನಗೆ ಗುರುತಿಲ್ಲ. ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಮೈಕಿನಲ್ಲಿ ಇರುವವರು ಯಾರು ಎಂದು ಕೇಳಿದೆ.

ಯಾರೋ ಗೊತ್ತಿಲ್ಲ ಎಂದ. ಮುಳಬಾಗಿಲಿನ ಒಂದು ಮೊಬೈಲ್ ಅಂಗಡಿಯಲ್ಲಿ ಕಾಪಿ ಹಾಕಿಸಿಕೊಂಡನಂತೆ. ಶ್ರೀನಿವಾಸಪುರ, ಕೋಲಾರ, ಈ ಕಡೆ ಗುಜರಿ ಗಾಡಿಯವರಲ್ಲಿ ಬಹಳ ಜನರ ಹತ್ತಿರ ಇದೇ ಇದೆಯಂತೆ, ದನಿ ಗಟ್ಟಿಯಾಗಿದೆ ಎಂದು. ಆ ದನಿಯವನು ಮುಳಬಾಗಿಲಿನಾಚೆ ನಂಗಲಿ ಹತ್ತಿರ ಎಲ್ಲೋ ಗುಜರಿ ಅಂಗಡಿ ಇಟ್ಟುಕೊಂಡಿದ್ದಾನೆ ಎಂದು ಯಾರೋ ಹೇಳಿದ್ದು ಕೇಳಿದ್ದನಂತೆ.

ಆ ರೈಲಿನ ಮಾತು ನಿಮಗೂ ಬೇಕು ಅಂತಲೇ ಇಟ್ಟುಕೊಂಡಿರಾ ಎಂದೆ.

“ನನ್ನ ವ್ಯಾಪಾರಕ್ಕೆ ಅದ್ಯಾಕೆ ಅಂತ ಮೊದಲು ತೆಗೆಸೋಕೆ ನೋಡಿದೆ ಸಾರ್,” ಎಂದ. “ಆಗಲ್ಲ ಅಂದ ಅಂಗಡಿಯವನು. ಪುಣ್ಯಾತ್ಮ ಉಸಿರೇ ಬಿಡದಂಗೆ ಮಧ್ಯದಲ್ಲಿ ಹೇಳ್ಬಿಟ್ಟಿದಾನೆ. ಅದನ್ನ ಕಟ್ ಮಾಡಿದ್ರೆ ಹಿಂದೆ ಮುಂದೆ ಇರೋದೂ ಹೋಗುತ್ತೆ. ಇರ್ಲಿ ಬಿಡಿ ಅಂದೆ. ಈಗ ಯಾರೂ ಅದನ್ನ ತರೋದೇ ಇಲ್ಲ, ನಂಗೂ ತಂಟೆ ತಪ್ತು.”

ಅವನು ಗೇರ್ ಹಾಕಿದ. ಆಟೋ ಬೀದಿಯೊಳಕ್ಕೆ ಹೋಯಿತು. ನಾಲ್ಕು ಮನೆ ದಾಟಿದ ಮೇಲೆ ಒಬ್ಬಾಕೆ ಮುರಿದ ಬಕೀಟು ಹಿಡಿದು ಹೊರಗೆ ಬಂದು, ಅದು ಹತ್ತಿರ ಬರಲಿ ಎಂದು ಬಾಗಿಲಲ್ಲೇ ನಿಂತಳು. ಮೈಕು ತನ್ನ ಮಾತನ್ನು ಪೂರ್ತಿ ಹೇಳಿತು. ಆಕೆ ಕೇಳಿಸಿಕೊಂಡಳು. ಎದುರು ಮನೆಯ ಮೆಟ್ಟಿಲ ಮೇಲೆ ಇಬ್ಬರು ಕೂತಿದ್ದರು, ಅವರೂ ಕೇಳಿಸಿಕೊಂಡರು.

ಯಾರೂ ನಗಲಿಲ್ಲ.